ದಾನಯಾತ್ರೆಯೂ ದಾರಿಯ ಧರ್ಮವೂ

ಪರೋಪಕಾರಾರ್ಥವಾಗಿ ಹಣ ಕೂಡಿಸಬೇಕೆಂಬ ಉದ್ದೇಶದಿಂದ ನೂರಾರು ಮಂದಿ ಮೋಟಾರು ಬೈಕುಗಳನ್ನೇರಿ ಒಂದೇ ದಿನ ಒಂದೇ ದಾರಿಯಲ್ಲಿ ಹೊರಡುವ ಪದ್ಧತಿ ನಮ್ಮ ನಾಡಿಗೆ ಈಚೆಗೆ ಬಂದುದಾದರೂ, ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ವಾಸಮಾಡುವವರಿಗೆ ಅದು ಈಗ ಅಪರಿಚಿತವಾದ ನೋಟವೇನೂ ಅಲ್ಲ. ಕ್ಯಾನ್ಸರ್ ರೋಗಿಗಳ ಚಿಕಿತ್ಸೆ, ಅನಾಥ ಮಕ್ಕಳ ವಿದ್ಯಾಭ್ಯಾಸ, ರಕ್ತದಾನದ ಪ್ರಚಾರ, ನೆರೆಯಲ್ಲಿ ಮನೆಮಾರು ಕಳೆದುಕೊಂಡವರ ನೆರವು, ಹೀಗೆ ಒಂದೊಂದು ತಂಡಕ್ಕೂ ಒಂದೊಂದು ಸದುದ್ದೇಶ. ವಾರವೆಲ್ಲ ಕಚೇರಿಯ ಕುರ್ಚಿಯಲ್ಲಿ ಕುಳಿತು ದುಡಿದ ತರುಣರು ತಮಗೆ ದೊರೆತ ಒಂದು ರಜಾದಿನವನ್ನೂ ಅನ್ಯರ ಹಿತಕ್ಕಾಗಿ ಮುಡಿಪಿಟ್ಟು, ಭಾನುವಾರದ ಬೆಳಗಿನ ಜಾವಕ್ಕೇ ಎದ್ದು, ತಮ್ಮ ಕೈಯಿಂದ ಶುಲ್ಕ ತೆತ್ತು, ಬಂಧುಮಿತ್ರರಿಂದಲೂ ವಂತಿಗೆ ಎತ್ತಿಕೊಂಡು ಹೊರಡುತ್ತಾರೆಂಬುದು ಸಾಮಾನ್ಯವಾದ ಸಂಗತಿಯಲ್ಲ. ಇದನ್ನು ಕೇವಲ ಷೋಕಿಯೆಂದು ತಳ್ಳಿಹಾಕುವವರೊಡನೆ ನನಗೆ ಸಹಮತವಿಲ್ಲ. ಮನುಷ್ಯನು ತನಗೆ ಪ್ರಿಯವಾದ ಕೆಲಸದ ಮೂಲಕವೇ ಪರರಿಗೆ ಉಪಕಾರಿಯಾಗುವುದು ಅತ್ಯಂತ ಸಹಜವಾದ ಮಾರ್ಗ. ಹಾಡುವವನು ಹಾಡಿ ಹಣ ಕೂಡಿಸಬಹುದಾದರೆ, ಬೈಕನ್ನು ಪ್ರೀತಿಸುವವನು ಬೈಕಿನ ಮೇಲೆ ಕುಳಿತು ಕೂಡಿಸುವುದರಲ್ಲಿ ಆಕ್ಷೇಪಿಸಬೇಕಾದುದು ಯಾವುದೂ ಇಲ್ಲ.

ಇಂಥ ಸವಾರಿಗಳಲ್ಲಿ ಜಗತ್ಪ್ರಸಿದ್ಧವಾದುದು 2012ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ಮಾರ್ಕ್ ಹವ್ವಾ ಎಂಬುವರು ಆರಂಭಿಸಿದ ‘ಡಿಸ್ಟಿಂಗ್ವಿಶ್ಡ್ ಜೆಂಟಲ್‌ಮನ್ಸ್ ರೈಡ್’. ಹಳೆಯ ಮಾದರಿಯ ಬೈಕುಗಳನ್ನು ಉಜ್ಜಿ ಹೊಳಪಿಸಿ, ಮದುವೆಗೆ ಹೊರಟವರ ಹಾಗೆ ಕೋಟು ಟೈಗಳನ್ನು ಧರಿಸಿ, ವರ್ಷಕ್ಕೊಂದು ಭಾನುವಾರ ಲೋಕದ ನಾನಾ ನಗರಗಳಲ್ಲಿ ಸವಾರರು ಏಕಕಾಲದಲ್ಲಿ ಹೊರಡುತ್ತಾರೆ. ಬೆಂಗಳೂರೂ ಆ ನಗರಗಳ ಪೈಕಿ ಒಂದು. ಕೂಡಿದ ಹಣ ಪ್ರಾಸ್ಟೇಟ್ ಕ್ಯಾನ್ಸರಿನ ಸಂಶೋಧನೆಗೂ ಗಂಡಸರ ಮನಸ್ಸಿನ ಆರೋಗ್ಯಕ್ಕೆ ಸಂಬಂಧಿಸಿದ ಕಾರ್ಯಗಳಿಗೂ ವಿನಿಯೋಗವಾಗುತ್ತದೆ. ಆದರೆ ಈ ಯಾತ್ರೆಯ ಮೂಲದಲ್ಲಿ ಇನ್ನೊಂದು ಸಂಕಲ್ಪವೂ ಇದ್ದಿತು: ಬೈಕ್ ಸವಾರನೆಂದರೆ ಉದ್ಧತ, ಒರಟ, ಅನ್ಯರನ್ನು ಲೆಕ್ಕಿಸದವನು ಎಂದು ಜನರ ಮನಸ್ಸಿನಲ್ಲಿ ಬೇರೂರಿದ್ದ ಅಭಿಪ್ರಾಯವನ್ನು ತೊಡೆದುಹಾಕಬೇಕೆಂಬುದೇ ಆ ಸಂಕಲ್ಪ. ಹಣದ ಮಾತು ಸುಲಭವಾಗಿ ಲೆಕ್ಕಕ್ಕೆ ಸಿಕ್ಕುತ್ತದೆಯಾಗಿ ಅದನ್ನು ಎಲ್ಲರೂ ಬರೆಯುತ್ತಾರೆ. ಎರಡನೆಯ ಸಂಕಲ್ಪವನ್ನು ನಮ್ಮ ತಂಡಗಳು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ. ನನ್ನ ಮಾತು ಅದನ್ನು ಕುರಿತದ್ದು.

ದಾನದ ಯೋಗ್ಯತೆಯನ್ನು ನಿರ್ಣಯಿಸುವಾಗ ನಮ್ಮ ಹಿರಿಯರು ಕೊಟ್ಟ ವಸ್ತುವೆಷ್ಟು ಎಂಬುದಕ್ಕಿಂತ ಅದನ್ನು ಸಂಪಾದಿಸಿದ ರೀತಿಯನ್ನೂ ಕೊಟ್ಟ ರೀತಿಯನ್ನೂ ಹೆಚ್ಚಾಗಿ ನೋಡುತ್ತಿದ್ದರು. ಅನ್ಯರನ್ನು ಪೀಡಿಸಿ ಗಳಿಸಿದ ದ್ರವ್ಯದಿಂದ ಮಾಡಿದ ದಾನಕ್ಕೆ ಅವರು ಪುಣ್ಯವನ್ನು ಒಪ್ಪಿಕೊಡಲಿಲ್ಲ. ದಾರಿಯಲ್ಲಿ ನಡೆಯುವವರನ್ನು ಬೆದರಿಸುತ್ತ, ಬಸ್ಸಿಗೆ ಕಾದು ನಿಂತ ಮಕ್ಕಳನ್ನು ಚರಂಡಿಯ ಅಂಚಿಗೆ ದೂಡುತ್ತ ಸಾಗಿ ಕೂಡಿಸಿದ ವಂತಿಗೆಯನ್ನೂ ಅದೇ ದೃಷ್ಟಿಯಿಂದ ಪರೀಕ್ಷಿಸುವುದು ನ್ಯಾಯವೆಂದು ನನಗೆ ತೋರುತ್ತದೆ.

ಕುಣಿಗಲ್ಲಿನಿಂದ ಹುಲಿಯೂರುದುರ್ಗದ ಮೇಲೆ ಮದ್ದೂರಿಗೆ ಹೋಗುವ ರಸ್ತೆಯಲ್ಲಿ, ಸುಗ್ಗಿಯ ಕಾಲದ ಒಂದು ಬೆಳಿಗ್ಗೆ, ಇಂಥದೊಂದು ತಂಡ ಹಾದುಹೋದುದನ್ನು ನಾನು ಹತ್ತಿರದಿಂದ ನೋಡಿದೆ. ಆ ಪ್ರಾಂತ್ಯದಲ್ಲಿ ಹುರುಳಿಯನ್ನು ಕಿತ್ತು ತಂದು ಟಾರುರಸ್ತೆಯ ಮೇಲೆ ಹರಡುವುದೂ, ಹೋಗಿಬರುವ ಬಸ್ಸು ಲಾರಿಗಳ ಚಕ್ರಗಳಿಂದಲೇ ಅದನ್ನು ಒಕ್ಕಿಸಿಕೊಳ್ಳುವುದೂ ರೂಢಿ. ಒಬ್ಬ ಮುದುಕಿ ರಸ್ತೆಯಂಚಿನಲ್ಲಿ ಕುಳಿತು ಮೊರದಲ್ಲಿ ಕಾಳು ಕೇರುತ್ತಿದ್ದಳು. ಬೈಕುಗಳ ಸಾಲು ತಿರುವಿನಲ್ಲಿ ಕಾಣಿಸಿಕೊಂಡಿತು. ಒಂದೊಂದರ ಹಿಂಬದಿಯಲ್ಲೂ ಬಡಮಕ್ಕಳ ಶಸ್ತ್ರಚಿಕಿತ್ಸೆಗೆ ನೆರವಾಗಿರೆಂದು ಬರೆದ ಸಣ್ಣ ಬಾವುಟ. ಮುಂದಾಳು ಅನುಭವಸ್ಥನೆಂಬುದು ನೋಡಿದೊಡನೆಯೇ ತಿಳಿಯುವಂತಿತ್ತು. ಹುರುಳಿಯ ಸೊಪ್ಪು ಕಣ್ಣಿಗೆ ಬಿದ್ದ ಕ್ಷಣವೇ ಎಡಗೈಯನ್ನು ಚಾಚಿ ಕೆಳಕ್ಕೂ ಮೇಲಕ್ಕೂ ಆಡಿಸಿ ಹಿಂದಿನವರಿಗೆ ಸೂಚನೆ ಕೊಟ್ಟು, ಎರಡನೆಯ ಗೇರಿಗೆ ಇಳಿಸಿ, ಬ್ರೇಕನ್ನು ಮುಟ್ಟದೆ, ನಡೆಯುವವನ ವೇಗದಲ್ಲಿ ದಾಟಿದ. ಅವನ ಬೆನ್ನಿಗಿದ್ದ ಹತ್ತು ಹದಿನೈದು ಮಂದಿಯೂ ಹಾಗೆಯೇ ದಾಟಿದರು. ಮುದುಕಿ ತಲೆಯೆತ್ತಿ ನೋಡಿ ಮತ್ತೆ ತನ್ನ ಕೆಲಸಕ್ಕೆ ತೊಡಗಿದಳು.

ಆಮೇಲೆ ಬಂದವರು ಹಿಂದೆ ಬಿದ್ದಿದ್ದವರು. ಮುಂದಿನವರನ್ನು ಕೂಡಿಕೊಳ್ಳಬೇಕೆಂಬ ತ್ವರೆಯಲ್ಲಿ ಅವರು ತಿರುವನ್ನು ಹಾದ ವೇಗವೇ ಬೇರೆ. ಒಣಗಿದ ಸಿಪ್ಪೆಯ ಕೆಳಗೆ ಕಾಳು ಗೋಲಿಗಳಂತೆ ಉರುಳುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ; ಒಬ್ಬನು ಗಾಬರಿಯಿಂದ ಬ್ರೇಕ್ ಒತ್ತಿದ, ಹಿಂದಿನ ಚಕ್ರ ಅಡ್ಡಕ್ಕೆ ಜಾರಿತು, ಬೈಕು ಮುದುಕಿ ಕುಳಿತಿದ್ದ ಕಡೆಗೇ ವಾಲಿ ಹೇಗೋ ಮತ್ತೆ ನೆಟ್ಟಗಾಯಿತು. ಆಕೆ ಹಿಂದಕ್ಕೆ ಹಾರಿ ಮೈಲಿಗಲ್ಲಿನ ಬುಡದಲ್ಲಿ ಕುಕ್ಕರಿಸಿದಳು. ಮೊರದ ಕಾಳೆಲ್ಲ ಮಣ್ಣುಪಾಲಾಯಿತು. ಅವನು ನಿಲ್ಲಲಿಲ್ಲ, ಅವನ ಹಿಂದಿನವರೂ ನಿಲ್ಲಲಿಲ್ಲ. ಕಟ್ಟಕಡೆಗೆ ಬಂದವನು, ಸವಾರರು ‘ಸ್ವೀಪ್’ ಎಂದು ಕರೆಯುವ ಕಾವಲಿನವನು, ಗಾಡಿಯನ್ನು ದೂರದಲ್ಲಿ ನಿಲ್ಲಿಸಿ, ಹೆಲ್ಮೆಟ್ ತೆಗೆದಿಟ್ಟು ಬಂದು, “ಅಜ್ಜಿ, ಪೆಟ್ಟಾಯ್ತಾ?” ಎಂದು ಕೈಹಿಡಿದು ಎಬ್ಬಿಸಿದ. “ಪೆಟ್ಟೇನಿಲ್ಲ ಕಣಪ್ಪ, ಎದೆ ಹೊಡ್ಕೊಂತು ಅಷ್ಟೆ. ನಿಧಾನಕ್ಕೆ ಹೋಗ್ರಪ್ಪ, ಮನೇಲಿ ಕಾಯ್ತಿರ್ತಾರೆ” ಎಂದಳು ಆಕೆ. ಅವನು ಕೆಳಗೆ ಕುಳಿತು ಚೆಲ್ಲಿದ ಕಾಳನ್ನು ಬಳಿದು ಮೊರಕ್ಕೆ ತುಂಬಿಕೊಟ್ಟ.

ರಸ್ತೆಯ ಮೇಲೆ ಒಕ್ಕಣೆಮಾಡುವುದು ತಪ್ಪೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಊರ ಮುಂದಿನ ಕಣಗಳೆಲ್ಲ ನಿವೇಶನಗಳಾಗಿ, ಕೂಲಿಯಾಳು ದುರ್ಲಭವಾಗಿ, ರೈತನು ಟಾರುರಸ್ತೆಯನ್ನೇ ಕಣ ಮಾಡಿಕೊಂಡಿದ್ದಾನೆ. ಊರಿಗೊಂದು ಸಿಮೆಂಟಿನ ಕಣವಾದರೆ ಈ ಅನಿಷ್ಟ ತಾನಾಗಿ ಕಡಿಮೆಯಾದೀತು. ಆದರೆ ಅಂದು ಮುದುಕಿಯನ್ನು ಅಪಾಯಕ್ಕೆ ಒಡ್ಡಿದುದು ಹುರುಳಿಗಿಂತ ಹೆಚ್ಚಾಗಿ ತಂಡದ ರಚನೆ. ದೊಡ್ಡ ಗುಂಪೊಂದು ಸಾಲಾಗಿ ಸಾಗುವಾಗ ಮುಂದಿನವನು ಕೊಂಚ ನಿಧಾನಿಸಿದರೆ ಹಿಂದಿನವನು ನಿಂತೇಬಿಡಬೇಕಾಗುತ್ತದೆ. ಮುಂದಿನವನು ಮತ್ತೆ ವೇಗವನ್ನು ಹಿಡಿದಾಗ ಹಿಂದಿನವನಿಗೂ ಅವನಿಗೂ ನಡುವೆ ಅರ್ಧ ಮೈಲಿಯ ಅಂತರ ಬಿದ್ದಿರುತ್ತದೆ. ಅದನ್ನು ತುಂಬುವುದಕ್ಕಾಗಿ ಹಿಂದಿನವನು ತನ್ನ ಶಕ್ತಿಯನ್ನೂ ಅನುಭವವನ್ನೂ ಮೀರಿ ಓಡಿಸುತ್ತಾನೆ. ಮುಂದಾಳು ಅರುವತ್ತರಲ್ಲಿ ಹೋದರೆ ಬಾಲದಲ್ಲಿರುವವನು ಎಂಬತ್ತು ತೊಂಬತ್ತನ್ನು ಮುಟ್ಟುತ್ತಾನೆ. ಬಾಲದಲ್ಲಿರುವವನು ಸಾಮಾನ್ಯವಾಗಿ ಹೊಸಬ. ಬಲ್ಲ ಸವಾರರು ಇದಕ್ಕೆ ಕಂಡುಕೊಂಡಿರುವ ಉಪಾಯ ಸರಳವಾದುದು: ಎಂಟು ಹತ್ತು ಮಂದಿಯ ಸಣ್ಣ ಸಣ್ಣ ತುಕಡಿಗಳು, ಪ್ರತಿಯೊಂದಕ್ಕೂ ಬೇರೆ ಮುಂದಾಳು ಮತ್ತು ಬೇರೆ ಸ್ವೀಪ್, ತುಕಡಿಗಳ ನಡುವೆ ಕೆಲವು ನಿಮಿಷಗಳ ಬಿಡುವು, ಹೊಸಬನಿಗೆ ಮುಂದಾಳಿನ ಹಿಂದಿನ ಸ್ಥಾನ, ಮತ್ತು ಮುಂದಿನ ನಿಲುಗಡೆ ಎಲ್ಲಿ ಎಂಬುದು ಹೊರಡುವ ಮುನ್ನವೇ ಎಲ್ಲರಿಗೂ ಗೊತ್ತಿರುವುದು. ದಾರಿ ತನಗೆ ತಿಳಿದಿದೆ, ನಿಲುಗಡೆಯಲ್ಲಿ ತನಗಾಗಿ ಕಾಯುತ್ತಾರೆ ಎಂಬ ಭರವಸೆ ಇರುವವನು ಆತುರಪಡುವುದಿಲ್ಲ. ನೂರು ಬೈಕುಗಳು ಒಟ್ಟಾಗಿ ಹೋಗುವ ಚಿತ್ರ ಪತ್ರಿಕೆಯಲ್ಲಿ ಚೆನ್ನಾಗಿ ಕಾಣುತ್ತದೆಂಬುದು ನಿಜ. ಆ ಚಿತ್ರದ ಆಸೆಯನ್ನು ಬಿಟ್ಟುಕೊಡುವುದು ವ್ಯವಸ್ಥಾಪಕರು ಮಾಡಬೇಕಾದ ಮೊದಲ ತ್ಯಾಗ.

ನಮ್ಮ ರಸ್ತೆಗಳಲ್ಲಿ ನಡೆಯುತ್ತಿರುವ ಪ್ರಾಣಹಾನಿಯ ಪ್ರಮಾಣವನ್ನು ನೆನೆದರೆ ಈ ಮಾತುಗಳು ಅತಿಯೆಂದು ಯಾರಿಗೂ ತೋರಲಾರದು. ಕೇಂದ್ರ ಸಾರಿಗೆ ಮಂತ್ರಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರವಾಹನದ ಮೇಲಿದ್ದವರು, ನೂರಕ್ಕೆ 19ಕ್ಕಿಂತ ಹೆಚ್ಚು ಜನ ಕಾಲ್ನಡಿಗೆಯವರು. ಕರ್ನಾಟಕವೊಂದರಲ್ಲೇ ಆ ವರ್ಷ 11,000ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಸತ್ತವರಲ್ಲಿ ಮೂರನೆಯ ಎರಡು ಪಾಲಿನಷ್ಟು ಜನ ಸತ್ತುದು ಗ್ರಾಮಾಂತರದ ರಸ್ತೆಗಳಲ್ಲಿ ಎಂಬುದನ್ನು ನಗರದಿಂದ ಹೊರಡುವ ಸವಾರರು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಮರಣಗಳಲ್ಲಿ ಬಹುಭಾಗಕ್ಕೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವನು ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ದೂರ ಸಾಗುತ್ತಾನೆ. ಅಪಾಯವನ್ನು ಕಂಡು, ಕಂಡುದು ಮನಸ್ಸಿಗೆ ಹತ್ತಿ, ಕೈ ಬ್ರೇಕಿನ ಮೇಲೆ ಬೀಳುವಷ್ಟರಲ್ಲಿಯೇ ಆ ದೂರ ಕಳೆದುಹೋಗಿರುತ್ತದೆ. ಕಾರಿನ ವೇಗ 50ರಿಂದ 65 ಕಿಲೋಮೀಟರಿಗೆ ಏರಿದರೆ ಅದಕ್ಕೆ ಸಿಕ್ಕಿದ ಪಾದಚಾರಿ ಸಾಯುವ ಸಂಭವ ನಾಲ್ಕೂವರೆಪಟ್ಟು ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಇಷ್ಟನ್ನು ಪಣಕ್ಕಿಟ್ಟು ಗಳಿಸುವುದಾದರೂ ಏನು? 30 ಕಿಲೋಮೀಟರ್ ದಾರಿಯನ್ನು 60ರ ಬದಲು 80ರಲ್ಲಿ ಕ್ರಮಿಸಿದರೆ ಉಳಿಯುವುದು ಏಳೂವರೆ ನಿಮಿಷ.

ಹೆಲ್ಮೆಟ್ಟಿನ ವಿಷಯದಲ್ಲಿ ದಾನಯಾತ್ರೆಯವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ತಲೆತುಂಬ ಹೆಲ್ಮೆಟ್, ಕೈಗವಚ, ಮೊಣಕಾಲಿನ ರಕ್ಷೆ, ಗಟ್ಟಿಯಾದ ಬೂಟು, ಇವಿಲ್ಲದವನನ್ನು ಒಳ್ಳೆಯ ತಂಡಗಳು ಸೇರಿಸಿಕೊಳ್ಳುವುದೇ ಇಲ್ಲ. ಇವರು ಹಾದುಹೋಗುವ ಊರುಗಳ ಸ್ಥಿತಿ ಬೇರೆ. ಗಂಡ ಹೆಲ್ಮೆಟ್ ಧರಿಸಿ, ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಬರಿದಲೆಯಲ್ಲಿ ಕೂರಿಸಿಕೊಂಡು ಸಂತೆಗೆ ಹೋಗುವ ಸಂಸಾರ. ಪೊಲೀಸರು ಕಂಡರೆ ತಲೆಗೇರಿಸಿಕೊಳ್ಳಲೆಂದು ಟ್ಯಾಂಕಿನ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಓಡಿಸುವ ಹುಡುಗ. ತಲೆಗೆ ಇಟ್ಟುಕೊಂಡರೂ ಗಲ್ಲದ ಪಟ್ಟಿಯನ್ನು ಬಿಗಿಯದೆ ಗಾಳಿಗೆ ತೂಗಾಡಬಿಟ್ಟವನು. ಇವರನ್ನು ನಾವು ಪ್ರತಿನಿತ್ಯ ಕಾಣುತ್ತೇವೆ. ಹೆಲ್ಮೆಟ್ಟನ್ನು ಸರಿಯಾಗಿ ಧರಿಸಿದರೆ ಸಾಯುವ ಸಂಭವ ನೂರಕ್ಕೆ 42ರಷ್ಟೂ ತಲೆಗೆ ಪೆಟ್ಟಾಗುವ ಸಂಭವ ನೂರಕ್ಕೆ 69ರಷ್ಟೂ ಕಡಿಮೆಯಾಗುವುದೆಂದು ಸಂಶೋಧಕರು ಲೆಕ್ಕಹಾಕಿದ್ದಾರೆ. ‘ಸರಿಯಾಗಿ’ ಎಂದರೆ ಪಟ್ಟಿಯನ್ನು ಕಟ್ಟಿ, ಐಎಸ್‌ಐ ಮುದ್ರೆಯುಳ್ಳದ್ದನ್ನು ಕೊಂಡು ಎಂದರ್ಥ. 2022ರಲ್ಲಿ ಈ ದೇಶದಲ್ಲಿ ಹೆಲ್ಮೆಟ್ಟಿಲ್ಲದೆ ಸತ್ತ ಸವಾರರೂ ಹಿಂಬದಿಯವರೂ ಸೇರಿ ಐವತ್ತು ಸಾವಿರ. ನಾಲ್ಕು ವರ್ಷಕ್ಕೆ ಮೇಲ್ಪಟ್ಟ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯವೆಂಬ ಕಾನೂನಿದೆ. ಇನ್ನೂ ಚಿಕ್ಕ ಮಕ್ಕಳಿಗೆ ಹೆಲ್ಮೆಟ್ಟೂ ಸವಾರನಿಗೆ ಬಿಗಿಯುವ ಪಟ್ಟಿಯೂ ಇರಬೇಕು, ಅಂಥ ಗಾಡಿ 40 ಕಿಲೋಮೀಟರ್ ವೇಗವನ್ನು ಮೀರಬಾರದು ಎಂಬ ನಿಯಮವನ್ನು 2022ರಲ್ಲಿ ಮಾಡಲಾಗಿದೆ. ಆದರೆ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಮಕ್ಕಳ ಅಳತೆಯ ಹೆಲ್ಮೆಟ್ ಕೇಳಿ ನೋಡಿರಿ. ಹೆಚ್ಚಿನ ಕಡೆ ಬರಿಗೈಯಲ್ಲಿ ಹಿಂತಿರುಗಬೇಕಾಗುತ್ತದೆ.

ಸವಾರನೊಬ್ಬನನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ನನ್ನ ಅಭಿಪ್ರಾಯವಲ್ಲ. ರಸ್ತೆಯೇ ಅನೇಕ ಕಡೆ ಕೊಲೆಗಡುಕವಾಗಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ರಸ್ತೆಯುಬ್ಬೊಂದು 3.7 ಮೀಟರ್ ಅಗಲವಾಗಿ, 10 ಸೆಂಟಿಮೀಟರ್ ಎತ್ತರವಾಗಿ, ಮೆಲ್ಲನೆ ಏರಿ ಮೆಲ್ಲನೆ ಇಳಿಯಬೇಕು; ಅದರ ಮೇಲೆ ಬಣ್ಣದ ಪಟ್ಟೆಗಳಿರಬೇಕು, ಮುಂಚಿತವಾಗಿ ಎಚ್ಚರಿಸುವ ಫಲಕವಿರಬೇಕು. ನಮ್ಮ ಹಳ್ಳಿಗಳಲ್ಲಿ ಅಪಘಾತವಾದ ಮಾರನೆಯ ದಿನ ಊರವರ ರೋಷಕ್ಕೆ ಮಣಿದು ಹಾಕುವ ಹಂಪು ಒಂದು ಮೊಳದ ಅಗಲದ ಗೋಡೆ. ಅದಕ್ಕೆ ಬಣ್ಣವಿಲ್ಲ, ಫಲಕವಿಲ್ಲ, ರಾತ್ರಿ ಅದು ಕಾಣುವುದೂ ಇಲ್ಲ. ಪ್ರಾಣವುಳಿಸಲೆಂದು ಹಾಕಿದ ಹಂಪಿಗೆ ಎಗರಿ, ಹಿಂದೆ ಕುಳಿತ ತಾಯಂದಿರು ತಲೆಯೊಡೆದುಕೊಂಡು ಸತ್ತುದುಂಟು. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಡೆ ಕಬ್ಬು ಅರೆಯುವ ಕಾಲ ಬಂದರೆ, ಒಂದಕ್ಕೊಂದು ಕಟ್ಟಿದ ಎರಡೆರಡು ಟ್ರೈಲರುಗಳಲ್ಲಿ ರಸ್ತೆಯ ಅರ್ಧವನ್ನಾಕ್ರಮಿಸುವಷ್ಟು ಕಬ್ಬು ಹೇರಿಕೊಂಡು, ಹಿಂದೊಂದು ಕೆಂಪುದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ ಟ್ರ್ಯಾಕ್ಟರುಗಳು ಕತ್ತಲಲ್ಲಿ ನಿಂತಿರುತ್ತವೆ. ರಸ್ತೆಯ ವಿನ್ಯಾಸದಲ್ಲಿ, ನಿರ್ಮಾಣದಲ್ಲಿ, ನಿರ್ವಹಣೆಯಲ್ಲಿ ನಿಯಮಪಾಲನೆ ತಪ್ಪಿ ಸಾವೋ ಅಂಗವೈಕಲ್ಯವೋ ಸಂಭವಿಸಿದರೆ, ಹೊಣೆ ಹೊತ್ತ ಅಧಿಕಾರಿಗೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದೆಂದು 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 198ಎ ಎಂಬ ಪ್ರಕರಣ ಸೇರಿದೆ. ಜನರು ಇದನ್ನು ಅರಿತು ಕೇಳಬೇಕು. ಕೇಳುವವರಿಲ್ಲದ ಕಾನೂನು ಪುಸ್ತಕದಲ್ಲೇ ಉಳಿಯುತ್ತದೆ.

ಅಪಘಾತವಾದ ಮೇಲಿನ ಮೊದಲ ಗಂಟೆಯ ಮಾತನ್ನು ಹೇಳದೆ ಈ ವಿಷಯ ಪೂರ್ತಿಯಾಗದು. 2016ರ ಫೆಬ್ರವರಿಯಲ್ಲಿ, ಊರಿಗೆ ಹೋಗಿ ಮತದಾನಮಾಡಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ ಗುಬ್ಬಿ ತಾಲ್ಲೂಕಿನ ಹರೀಶ್ ಎಂಬ ತರುಣ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ, ದೇಹ ಎರಡು ತುಂಡಾದ ಸ್ಥಿತಿಯಲ್ಲಿಯೂ, ತನ್ನ ಅಂಗಗಳನ್ನು ದಾನಮಾಡಿರೆಂದು ಸುತ್ತ ನೆರೆದವರನ್ನು ಬೇಡಿಕೊಂಡುದನ್ನು ನಾಡು ಮರೆತಿಲ್ಲ. ಹೆಲ್ಮೆಟ್ ಧರಿಸಿದ್ದುದರಿಂದ ಅವನ ಕಣ್ಣುಗಳಿಗೆ ಹಾನಿಯಾಗಿರಲಿಲ್ಲ. ಅವು ಬೇರೆಯವರಿಗೆ ದೃಷ್ಟಿಯಾಗುವಂತೆ ದಾನವಾದವು. ದಾನವೆಂಬ ಶಬ್ದವನ್ನು ಬಾವುಟದ ಮೇಲೆ ಬರೆದುಕೊಳ್ಳುವ ಪ್ರತಿಯೊಬ್ಬ ಸವಾರನೂ ನೆನೆಯಬೇಕಾದ ಹೆಸರು ಅದು. ಆ ವರ್ಷವೇ ಅವನ ಹೆಸರಿನಲ್ಲಿ ಸರ್ಕಾರವು, ಗಾಯಾಳುವಿಗೆ ಮೊದಲ 48 ಗಂಟೆಗಳ ಕಾಲ 25,000 ರೂಪಾಯಿಯವರೆಗಿನ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ‘ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ’ಯನ್ನು ತಂದಿತು. 2025ರಲ್ಲಿ ಕೇಂದ್ರ ಸರ್ಕಾರ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಪ್ರಕಟಿಸಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಪೀಡಿಸಬಾರದೆಂಬ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು 2016ರಲ್ಲಿ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ತನ್ನದೇ ಕಾಯಿದೆಯನ್ನು ಮಾಡಿತು. 2019ರ ತಿದ್ದುಪಡಿಯಲ್ಲಿಯೂ 134ಎ ಎಂಬ ಪ್ರಕರಣ ಸೇರಿತು. ಇಷ್ಟೆಲ್ಲ ಆಗಿದ್ದರೂ ರಸ್ತೆಬದಿಯ ಹೋಟೆಲಿನವನನ್ನು ಕೇಳಿದರೆ, “ಮುಟ್ಟಿದ್ರೆ ಕೋರ್ಟು ಕಚೇರಿ ಅಲೀಬೇಕು ಸಾರ್” ಎಂದೇ ಇಂದಿಗೂ ಉತ್ತರ ಬರುತ್ತದೆ. ಕಾನೂನು ಬದಲಾದ ಸುದ್ದಿ ಆ ಹೋಟೆಲಿಗೆ ತಲುಪಿಲ್ಲ.

ಅದನ್ನು ಅಲ್ಲಿಗೆ ತಲುಪಿಸಬಲ್ಲವರು ಈ ಸವಾರರು. ಹಳ್ಳಿಯ ಚಹದಂಗಡಿಯ ಮುಂದೆ ಬೈಕುಗಳು ಬಂದು ನಿಂತರೆ ಊರ ಹುಡುಗರೆಲ್ಲ ಸುತ್ತ ನೆರೆಯುತ್ತಾರೆ. ಇಲಾಖೆಯ ಯಾವ ಸಪ್ತಾಹಕ್ಕೂ ಯಾವ ಮಾಸಾಚರಣೆಗೂ ದೊರೆಯದ ಶ್ರೋತೃವರ್ಗ ಅದು. ಆ ಅರ್ಧ ಗಂಟೆಯಲ್ಲಿ, ತಾವು ಧರಿಸಿದ ಹೆಲ್ಮೆಟ್ಟನ್ನು ಹುಡುಗನ ಕೈಗೆ ಕೊಟ್ಟು ಗಲ್ಲದ ಪಟ್ಟಿಯನ್ನು ಎಷ್ಟು ಬಿಗಿಯಬೇಕೆಂದು ತೋರಿಸಬಹುದು. ರಕ್ತ ಸೋರುತ್ತಿರುವಾಗ ಒಗೆದ ಬಟ್ಟೆಯಿಂದ ಗಾಯವನ್ನು ಹೇಗೆ ಒತ್ತಿಹಿಡಿಯಬೇಕು, ಬೆನ್ನಿಗೆ ಪೆಟ್ಟು ಬಿದ್ದವನನ್ನು ಏಕೆ ಎಳೆದಾಡಬಾರದು, 108ಕ್ಕೆ ಕರೆಮಾಡಿ ಸ್ಥಳವನ್ನು ಹೇಗೆ ಗುರುತಿಸಿ ಹೇಳಬೇಕು ಎಂಬುದನ್ನು ಹೋಟೆಲಿನವನಿಗೂ ಪಂಕ್ಚರ್ ಅಂಗಡಿಯವನಿಗೂ ಕಲಿಸಬಹುದು. ಅಪಘಾತವಾದಾಗ ವೈದ್ಯನಿಗಿಂತ ಮೊದಲು ಅಲ್ಲಿಗೆ ಓಡಿಬರುವವರು ಇವರೇ.

ಕೂಡಿಸಿದ ಹಣದ ವಿಚಾರದಲ್ಲಿಯೂ ನನ್ನದೊಂದು ಬೇಡಿಕೆಯಿದೆ. ನಗರದ ದೊಡ್ಡ ಆಸ್ಪತ್ರೆಗೋ ಆಶ್ರಮಕ್ಕೋ ಸಲ್ಲುವುದು ಸಲ್ಲಲಿ. ಅದರಲ್ಲಿ ಒಂದು ಪಾಲು, ನಾಲ್ಕಾಣೆಯಷ್ಟಾದರೂ, ಯಾವ ದಾರಿಯನ್ನು ಬಳಸಿಕೊಂಡು ಅದು ಕೂಡಿತೋ ಆ ದಾರಿಯವರಿಗೆ ಸಲ್ಲಬೇಕು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಅಂಟಿಸುವ ಹೊಳೆಯುವ ಪಟ್ಟಿಗೆ ಬೀಳುವ ಖರ್ಚು ಅತ್ಯಲ್ಪ. ಗ್ರಾಮಪಂಚಾಯಿತಿಯ ಒಪ್ಪಿಗೆ ಪಡೆದು, ಲೋಕೋಪಯೋಗಿ ಇಲಾಖೆಗೆ ತಿಳಿಸಿ ಹಂಪುಗಳಿಗೆ ಬಳಿಸುವ ಬಣ್ಣ, ಶಾಲೆಗೆ ಅಪ್ಪನ ಬೈಕಿನಲ್ಲಿ ಬರುವ ಮಕ್ಕಳಿಗೆ ಅವರ ತಲೆಯ ಅಳತೆಯ ಹೆಲ್ಮೆಟ್, ಬಸ್‌ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಇರಿಸುವ ಪ್ರಥಮಚಿಕಿತ್ಸೆಯ ಪೆಟ್ಟಿಗೆ, ಇವುಗಳಿಂದ ಉಳಿಯುವ ಪ್ರಾಣಗಳ ಲೆಕ್ಕವನ್ನು ಯಾರೂ ಇಡಲಾರರು. ಅದರಿಂದಾಗಿಯೇ ಇಂಥ ಕೆಲಸಕ್ಕೆ ಹಣ ಕೊಡುವವರು ಕಡಿಮೆ. ಚೆಕ್ಕನ್ನು ಹಸ್ತಾಂತರಿಸುವ ಸಮಾರಂಭಕ್ಕಿಂತ ಹತ್ತು ಟ್ರೈಲರುಗಳಿಗೆ ಪಟ್ಟಿ ಅಂಟಿಸಿದ ಬೆಳಗು ಹೆಚ್ಚು ಫಲಕಾರಿಯಾದುದೆಂದು ನಾನು ದೃಢವಾಗಿ ನಂಬಿದ್ದೇನೆ.

ಆದುದರಿಂದ ದಾನಯಾತ್ರೆಗಳ ವ್ಯವಸ್ಥಾಪಕರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಮುಂದಿನ ಸವಾರಿಯ ದಿನಾಂಕವನ್ನು ಗೊತ್ತುಮಾಡುವ ಮೊದಲು, ನಿಮ್ಮಲ್ಲಿ ಇಬ್ಬರು ಮೂವರು ವಾರದ ನಡುವಿನ ಒಂದು ದಿನ ಆ ದಾರಿಯಲ್ಲಿ ನಿಧಾನವಾಗಿ ಹೋಗಿ ಬನ್ನಿರಿ. ಶಾಲೆ ಎಲ್ಲಿದೆ, ಸಂತೆ ಯಾವ ದಿನ, ಒಕ್ಕಣೆ ಯಾವ ತಿಂಗಳು, ಬಣ್ಣವಿಲ್ಲದ ಹಂಪುಗಳೆಷ್ಟು ಎಂಬುದನ್ನು ಬರೆದುಕೊಂಡು, ಪಂಚಾಯಿತಿ ಕಚೇರಿಯ ಮೆಟ್ಟಲು ಹತ್ತಿ, ನಿಮ್ಮ ಊರಿನ ರಸ್ತೆಗೆ ನಮ್ಮಿಂದ ಏನಾಗಬೇಕು ಎಂದು ಕೇಳಿರಿ. ಅವರು ಹೇಳಿದುದರಲ್ಲಿ ಒಂದನ್ನಾದರೂ ಮಾಡಿಕೊಟ್ಟು ಆ ಮೇಲೆ ಬೈಕುಗಳನ್ನು ತನ್ನಿರಿ.